ಪೆಟ್ಟಿಗೆ, ರ‍್ಯಾಕು, ವಿದ್ಯುತ್ತು: ಹಳೆಯ ಮಿನಿಕಂಪ್ಯೂಟರು ಮತ್ತು ಅವಯವಿಯ ಪ್ರಶ್ನೆ

ಹಲವು ಭಾಗಗಳು ಕೂಡಿ ಆದ ವಸ್ತುವಿಗೆ ಆ ಭಾಗಗಳನ್ನು ಬಿಟ್ಟು ತನ್ನದೇ ಆದ ಇರವು ಉಂಟೇ, ಇಲ್ಲವೇ ಎಂಬುದು ಭಾರತದ ದರ್ಶನಗಳು ಸಾವಿರ ವರ್ಷಕ್ಕೂ ಹೆಚ್ಚು ಕಾಲ ವಾದಿಸಿದ ಪ್ರಶ್ನೆ. ಭಾಗವನ್ನು ಅವಯವವೆಂದೂ ಭಾಗಗಳಿಂದ ಆದ ಇಡಿಯ ವಸ್ತುವನ್ನು ಅವಯವಿಯೆಂದೂ ಕರೆದ ನೈಯಾಯಿಕರು, ಅವಯವಿಯು ಅವಯವಗಳಲ್ಲಿ ಸಮವಾಯವೆಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿರುವ ಹೊಸದೊಂದು ದ್ರವ್ಯವೆಂದರೆ, ಬೌದ್ಧರು ಅದನ್ನು ಭಾಗಗಳ ರಾಶಿಗೆ ವ್ಯವಹಾರದ ಅನುಕೂಲಕ್ಕಾಗಿ ಇಟ್ಟ ಹೆಸರೆಂದು ತಳ್ಳಿಹಾಕಿದರು. ಈ ವಾದಕ್ಕೆ ಒದಗಿದ ಉದಾಹರಣೆಗಳು ಗಡಿಗೆ, ಬಟ್ಟೆ, ರಥ, ಸೇನೆ, ಕಾಡು ಮುಂತಾದವು. ಅವುಗಳಲ್ಲಿ ಯಾವುದನ್ನು ಏನೆಂದು ಕರೆಯಬೇಕೆಂಬ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲವಾದ್ದರಿಂದ ಇರವಿನ ಪ್ರಶ್ನೆಯೂ ಗುರುತಿನ ಪ್ರಶ್ನೆಯೂ ಬೇರೆ ಬೇರೆಯಾಗಿಯೇ ಉಳಿದವು. 1960 ಮತ್ತು 70ರ ದಶಕಗಳಲ್ಲಿ ಅಮೆರಿಕದಲ್ಲಿ ತಯಾರಾದ ಮಿನಿಕಂಪ್ಯೂಟರುಗಳು ಇಂದು ಸಂಗ್ರಹಾಲಯಗಳಿಗೆ ಎಷ್ಟೋ ವೇಳೆ ಹೆಸರು ಕಳೆದುಕೊಂಡ ಪೆಟ್ಟಿಗೆಗಳಾಗಿ ಬಂದು ಸೇರುವಾಗ ಈ ಎರಡು ಪ್ರಶ್ನೆಗಳು ಒಂದಾಗಿಬಿಡುತ್ತವೆ. ಪೆಟ್ಟಿಗೆ ಯಾವುದು, ಅದು ಯಾವ ರ‍್ಯಾಕಿಗೆ ಸೇರಿದ್ದು, ಅದಕ್ಕೆ ಎಷ್ಟು ವೋಲ್ಟಿನ ವಿದ್ಯುತ್ತು ಎಷ್ಟು ಬೇಕು ಎಂದು ಕಂಡುಹಿಡಿಯುವ, ಮೇಲ್ನೋಟಕ್ಕೆ ಒಣದೆನಿಸುವ ಕೆಲಸದೊಳಗೆ ಅವಯವಿಯ ವಾದ ಪೂರ್ತಿಯಾಗಿ ಅಡಗಿದೆ; ಗಡಿಗೆಯಿಂದ ಸಿಗದ ಉತ್ತರವೊಂದು ಅಲ್ಲಿ ಸಿಗುವಂತೆಯೂ ತೋರುತ್ತದೆ.

ಆಳೆತ್ತರದ ಉಕ್ಕಿನ ಬೀರುವನ್ನು ತುಂಬುತ್ತಿದ್ದ ಯಂತ್ರಕ್ಕೆ ಮಿನಿ ಎಂಬ ವಿಶೇಷಣ ಸಲ್ಲುವುದು ಕೋಣೆಗಳನ್ನೇ ಆಕ್ರಮಿಸುತ್ತಿದ್ದ ಮೇನ್‌ಫ್ರೇಮುಗಳ ಎದುರಿನಲ್ಲಿ ಮಾತ್ರ. ಕೆನ್ ಓಲ್ಸನ್ ಮತ್ತು ಹಾರ್ಲನ್ ಆ್ಯಂಡರ್ಸನ್ 1957ರಲ್ಲಿ ಮ್ಯಾಸಚೂಸೆಟ್ಸಿನ ಮೇನಾರ್ಡಿನ ಹಳೆಯ ಉಣ್ಣೆ ಗಿರಣಿಯೊಂದರಲ್ಲಿ ಆರಂಭಿಸಿದ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್, 1965ರಲ್ಲಿ 18,000 ಡಾಲರಿಗೆ ಮಾರಾಟಕ್ಕಿಟ್ಟ 12 ಬಿಟ್ಟಿನ ಪಿಡಿಪಿ-8 ಈ ವರ್ಗದ ಮೊದಲ ದೊಡ್ಡ ಯಶಸ್ಸು. 16 ಬಿಟ್ಟಿನ ಪಿಡಿಪಿ-11 ಬಂದದ್ದು 1970ರಲ್ಲಿ. ಪಿಡಿಪಿ-8ರ ವಿನ್ಯಾಸದಲ್ಲಿ ಕೈಯಿದ್ದ ಎಡ್ಸನ್ ಡಿ ಕ್ಯಾಸ್ಟ್ರೊ 1968ರಲ್ಲಿ ಸಂಸ್ಥೆಯಿಂದ ಹೊರಬಂದು ಡೇಟಾ ಜನರಲ್ ಕಟ್ಟಿ, ಮರುವರ್ಷ ನೋವಾ ಎಂಬ ಯಂತ್ರವನ್ನು ತಂದ. ಅದೇ 1969ರಲ್ಲಿ ಹೈದರಾಬಾದಿನ ಇಸಿಐಎಲ್ ಸಂಸ್ಥೆಯು ಟ್ರಾಂಬೆ ಡಿಜಿಟಲ್ ಕಂಪ್ಯೂಟರ್ ಎಂಬ ಹೆಸರಿನ 12 ಬಿಟ್ಟಿನ ಟಿಡಿಸಿ-12 ಯಂತ್ರವನ್ನು ಹೊರತಂದಿತು. ಪಿಡಿಪಿ ಎಂಬ ಹೆಸರಿನ ವಿಸ್ತಾರದಲ್ಲಿ ಕಂಪ್ಯೂಟರ್ ಎಂಬ ಮಾತಿಲ್ಲ; ಕಂಪ್ಯೂಟರು ಎಂದರೆ ನಷ್ಟದ ವ್ಯಾಪಾರವೆಂದು ಅಂಜುತ್ತಿದ್ದ ಬಂಡವಾಳಿಗರನ್ನು ಸಮಾಧಾನಪಡಿಸಲು ‘ಪ್ರೋಗ್ರಾಮ್ಡ್ ಡೇಟಾ ಪ್ರೊಸೆಸರ್’ ಎಂಬ ಹೆಸರನ್ನು ಆರಿಸಲಾಯಿತು. ಗುರುತು ಹಿಡಿಯುವವನು ಹೆಸರನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದಕ್ಕೆ ಈ ಹುಟ್ಟೇ ಒಂದು ಸೂಚನೆ.

ಇಂಥ ಯಂತ್ರವನ್ನು ಒಳಗಿನಿಂದ ಹೊರಕ್ಕೆ ನೋಡಿದರೆ ಅವಯವಿಗಳು ಒಂದರೊಳಗೊಂದು ಅಡಕವಾಗಿರುವುದು ಕಾಣುತ್ತದೆ. ಟ್ರಾನ್ಸಿಸ್ಟರುಗಳೋ ಚಿಪ್ಪುಗಳೋ ಸೇರಿ ಒಂದು ಬೋರ್ಡು ಆಗುತ್ತದೆ. ಬೋರ್ಡುಗಳು ಬ್ಯಾಕ್‌ಪ್ಲೇನಿನಲ್ಲಿ, ಅಂದರೆ ತಂತಿಗಳಿಂದ ಪರಸ್ಪರ ಜೋಡಿಸಿದ ಸ್ಲಾಟುಗಳ ಸಾಲಿನಲ್ಲಿ ಕೂರುತ್ತವೆ. ಬ್ಯಾಕ್‌ಪ್ಲೇನು, ಫ್ಯಾನುಗಳು, ಪವರ್ ಸಪ್ಲೈ ಸೇರಿ ಒಂದು ಪೆಟ್ಟಿಗೆ. ಪೆಟ್ಟಿಗೆಗಳು, ಡಿಸ್ಕು, ಟೇಪು ಸೇರಿ ಒಂದು ರ‍್ಯಾಕು. ಎರಡು ಮೂರು ರ‍್ಯಾಕುಗಳು ಸೇರಿ ಒಂದು ವ್ಯವಸ್ಥೆ. ಇವುಗಳಲ್ಲಿ ಪಿಡಿಪಿ-11 ಎಂಬ ಹೆಸರು ಯಾವ ಮಟ್ಟದ ಅವಯವಿಗೆ ಸಲ್ಲುತ್ತದೆ? ಕೊಂಡ ಪ್ರಯೋಗಾಲಯದ ಲೆಕ್ಕಪುಸ್ತಕದಲ್ಲಿ ಅದು ರ‍್ಯಾಕಿನ ಹೆಸರು, ದುರಸ್ತಿಗೆ ಬಂದವನ ಬಾಯಲ್ಲಿ ಪೆಟ್ಟಿಗೆಯ ಹೆಸರು, ಪ್ರೋಗ್ರಾಮು ಬರೆಯುವವನಿಗೆ ಯಂತ್ರ ಪಾಲಿಸುವ ಆದೇಶಗಳ ಪಟ್ಟಿಯ ಹೆಸರು. ಸಂಗ್ರಹಾಲಯಕ್ಕೆ ಬರುವ ಹೊತ್ತಿಗೆ ಪೆಟ್ಟಿಗೆಯು ರ‍್ಯಾಕಿನಿಂದ ಬೇರ್ಪಟ್ಟು, ಮುಂಭಾಗದ ಸ್ವಿಚ್ಚುಗಳ ಫಲಕವು ಅಲಂಕಾರದ ಗೋಡೆವಸ್ತುವಾಗಿ ಬೇರೆ ಯಾರದೋ ಮನೆ ಸೇರಿರುತ್ತದೆ. ತಯಾರಕರನ್ನು ಕೇಳುವಂತೆಯೂ ಇಲ್ಲ: ಡಿಜಿಟಲ್ ಸಂಸ್ಥೆಯನ್ನು 1998ರಲ್ಲಿ ಕಾಂಪ್ಯಾಕ್ ಕೊಂಡುಕೊಂಡಿತು, ಕಾಂಪ್ಯಾಕ್ 2002ರಲ್ಲಿ ಎಚ್‌ಪಿಯಲ್ಲಿ ಲೀನವಾಯಿತು.

ಉಳಿಯುವ ಮೊದಲ ಪ್ರಮಾಣ ಅಳತೆ. ದೂರವಾಣಿ ಕೇಂದ್ರಗಳಲ್ಲಿ ರಿಲೇಗಳನ್ನು ಕೂರಿಸಲು ಬಳಕೆಗೆ ಬಂದ 19 ಇಂಚು ಅಗಲದ ರ‍್ಯಾಕನ್ನು ಕಂಪ್ಯೂಟರು ಉದ್ಯಮವೂ ಒಪ್ಪಿಕೊಂಡಿತು. ಅದರಲ್ಲಿ ಎತ್ತರವನ್ನು ಅಳೆಯುವ ಮಾನ 1.75 ಇಂಚು, ಅಂದರೆ 44.45 ಮಿಲಿಮೀಟರು. ಡಿಜಿಟಲ್ ಸಂಸ್ಥೆಯ ಎಚ್960 ಎಂಬ ಆರಡಿಯಷ್ಟು ಎತ್ತರದ ರ‍್ಯಾಕಿನಲ್ಲಿ ಕೂರುತ್ತಿದ್ದ ಬಿಎ11 ಸರಣಿಯ ಪೆಟ್ಟಿಗೆಗಳಲ್ಲಿ ಕೆಲವು ಮೂರು ಮಾನದ, ಅಂದರೆ 5.25 ಇಂಚಿನವು, ಕೆಲವು ಆರು ಮಾನದ, ಅಂದರೆ 10.5 ಇಂಚಿನವು. ಎತ್ತರ ಅಳೆದೊಡನೆ ಜಾತಿ ತಿಳಿಯಿತೆಂದುಕೊಳ್ಳುವವನಿಗೆ ಇಲ್ಲಿ ಮೊದಲ ತಡೆ ಎದುರಾಗುತ್ತದೆ. ಪಿಡಿಪಿ-11/34 ಎಂಬ ಒಂದೇ ಮಾದರಿ ಎರಡೂ ಎತ್ತರದ ಪೆಟ್ಟಿಗೆಗಳಲ್ಲಿ ಮಾರಾಟವಾಯಿತು, 5.25 ಇಂಚಿನ ಪೆಟ್ಟಿಗೆಗಳಲ್ಲೋ ಯೂನಿಬಸ್ ಎಂಬ ಸಂಪರ್ಕವ್ಯವಸ್ಥೆಯವೂ ಇದ್ದವು, ಅದರೊಡನೆ ಹೊಂದಿಕೆಯೇ ಇಲ್ಲದ ಕ್ಯೂ-ಬಸ್ಸಿನವೂ ಇದ್ದವು. ಹತ್ತನೆಯ ಶತಮಾನದ ನೈಯಾಯಿಕ ಉದಯನನು ನಿಜವಾದ ಜಾತಿಗೆ, ಅಂದರೆ ಅನೇಕ ವ್ಯಕ್ತಿಗಳಲ್ಲಿ ಒಂದೇ ಆಗಿ ನೆಲೆಸುವ ನಿತ್ಯ ಸಾಮಾನ್ಯಕ್ಕೆ, ಅಡ್ಡಿಯಾಗುವ ಆರು ಬಾಧಕಗಳನ್ನು ಹೇಳುವಾಗ ಸಂಕರವನ್ನು ಅವುಗಳಲ್ಲಿ ಒಂದಾಗಿ ಎಣಿಸಿದ್ದು ಇಂಥ ಸಂದರ್ಭಕ್ಕೇ: ಎರಡು ಧರ್ಮಗಳು ಕೆಲವೆಡೆ ಒಟ್ಟಿಗೆ ಇದ್ದು, ಮತ್ತೆ ಕೆಲವೆಡೆ ಒಂದನ್ನು ಬಿಟ್ಟು ಇನ್ನೊಂದು ಇದ್ದರೆ ಅವು ಜಾತಿಯಾಗಲಾರವು. ಪೆಟ್ಟಿಗೆಯ ಎತ್ತರವೂ ಒಳಗಿನ ಬಸ್ಸೂ ಹೀಗೆ ಒಂದನ್ನೊಂದು ಅಡ್ಡ ಹಾಯುವುದರಿಂದ, ಎತ್ತರದ ಮೇಲೆ ನಿಂತ ವರ್ಗೀಕರಣವು ವಸ್ತುವಿನ ಸ್ವಭಾವವನ್ನು ಮುಟ್ಟುವುದಿಲ್ಲ.

ಹೆಸರಿನ ಫಲಕ ಸಿಕ್ಕರೂ ತೊಡಕು ಪೂರ್ತಿ ಹರಿಯದು. ಪಿಡಿಪಿ-11/05 ಮತ್ತು 11/10 ಒಂದೇ ಯಂತ್ರ. ತಮ್ಮ ಉಪಕರಣದೊಳಗೆ ಅಳವಡಿಸಿ ಮರುಮಾರಾಟ ಮಾಡುವ ಕಾರ್ಖಾನೆಗಳಿಗೆ ಹೋದದ್ದಕ್ಕೆ ಮೊದಲ ಹೆಸರು, ನೇರವಾಗಿ ಬಳಸುವವರಿಗೆ ಹೋದದ್ದಕ್ಕೆ ಎರಡನೆಯದು. 11/35 ಮತ್ತು 11/40ರ ಕಥೆಯೂ ಹಾಗೆಯೇ. ಉದಯನನ ಬಾಧಕಗಳಲ್ಲಿ ತುಲ್ಯತ್ವ ಎಂಬುದೊಂದಿದೆ. ಘಟ, ಕಲಶ ಎಂಬ ಎರಡು ಹೆಸರು ಅವವೇ ವ್ಯಕ್ತಿಗಳಿಗೆ ಸಲ್ಲುವುದರಿಂದ ಘಟತ್ವ, ಕಲಶತ್ವ ಎಂದು ಎರಡು ಜಾತಿಗಳಿಲ್ಲ ಎಂಬುದು ಅದರ ಅರ್ಥ. ಮೇಲ್ನೋಟಕ್ಕೆ 11/05 ಮತ್ತು 11/10 ಇದಕ್ಕೆ ಉದಾಹರಣೆಯಂತೆ ಕಂಡರೂ ಕಟ್ಟುನಿಟ್ಟಾಗಿ ನೋಡಿದರೆ ಅಲ್ಲ, ಏಕೆಂದರೆ ಇಲ್ಲಿ ಒಂದೇ ವ್ಯಕ್ತಿಗೆ ಎರಡು ಹೆಸರಿಲ್ಲ. ಒಂದೇ ಬಗೆಯ ವ್ಯಕ್ತಿಗಳನ್ನು ಮಾರಾಟದ ದಾರಿ ಎರಡು ಗುಂಪಾಗಿ ಒಡೆದಿದೆ. ಅಡುಗೆ ಮಾಡುವವನಲ್ಲಿರುವ ಪಾಚಕತ್ವದಂತೆ, ವಸ್ತುವಿನ ಒಡಲಿನಿಂದಲ್ಲದೆ ಹೊರಗಿನ ವ್ಯವಹಾರದಿಂದ ಅಂಟಿಕೊಂಡ ಧರ್ಮವನ್ನು ನೈಯಾಯಿಕರು ಉಪಾಧಿಯೆಂದರು. ಫಲಕದ ಮೇಲಿನ ಅಂಕೆ ಬಹುಮಟ್ಟಿಗೆ ಇಂಥ ಉಪಾಧಿ. ಅದು ಯಾರಿಗೆ ಮಾರಲಾಯಿತು ಎಂಬುದರ ದಾಖಲೆಯೇ ಹೊರತು ಏನನ್ನು ಮಾರಲಾಯಿತು ಎಂಬುದರದ್ದಲ್ಲ.

ಈ ಹಂತದಲ್ಲಿ ಬೌದ್ಧನ ವಾದಕ್ಕೆ ಬಲ ಬಂದಂತೆ ತೋರುತ್ತದೆ. ಇಂಡೋ-ಗ್ರೀಕ್ ಅರಸ ಮಿಲಿಂದನಿಗೆ ಭಿಕ್ಷು ನಾಗಸೇನನು, ಅರಸನು ಏರಿ ಬಂದ ರಥದ ಈಸನ್ನೂ ಅಚ್ಚನ್ನೂ ಗಾಲಿಯನ್ನೂ ಒಂದೊಂದಾಗಿ ತೋರಿಸಿ, ಇದು ರಥವೇ, ಇವೆಲ್ಲ ಸೇರಿ ರಥವೇ, ಇವನ್ನು ಬಿಟ್ಟು ಬೇರೆ ರಥವುಂಟೇ ಎಂದು ಕೇಳಿದ ಪ್ರಸಂಗ ಮಿಲಿಂದಪಞ್ಹದಲ್ಲಿ ಬರುತ್ತದೆ. ಎಲ್ಲಕ್ಕೂ ಅಲ್ಲವೆಂದು ಉತ್ತರಿಸಿದ ಅರಸ ಕೊನೆಗೆ, ಇವನ್ನು ಅವಲಂಬಿಸಿ ರಥವೆಂಬ ಬಳಕೆಯ ಹೆಸರು ಹುಟ್ಟಿದೆಯೆಂದು ತಾನೇ ಹೇಳಬೇಕಾಗುತ್ತದೆ. ಸ್ವಿಚ್ಚುಗಳ ಫಲಕ, ಪೆಟ್ಟಿಗೆ, ಬೋರ್ಡುಗಳು, ರ‍್ಯಾಕು ಇವುಗಳನ್ನು ಮುಂದಿಟ್ಟು ಇದೇ ಪ್ರಶ್ನೆ ಕೇಳಿದರೆ ಇದೇ ಉತ್ತರ ಬರುತ್ತದೆ. ನೈಯಾಯಿಕನ ಬತ್ತಳಿಕೆಯಲ್ಲಿ ಇದಕ್ಕೆ ಎದುರಾಗಿ ಧಾರಣ ಮತ್ತು ಆಕರ್ಷಣಗಳ ವಾದವಿದೆ: ಗಡಿಗೆಯ ಕಂಠವನ್ನು ಹಿಡಿದು ಎತ್ತಿದರೆ ಇಡೀ ಗಡಿಗೆ ಬರುತ್ತದೆ, ಬರಿಯ ರಾಶಿಯಾಗಿದ್ದರೆ ಹಿಡಿದ ಕಣಗಳಷ್ಟೇ ಬರಬೇಕಿತ್ತು ಎಂದು ನ್ಯಾಯಸೂತ್ರ ಹೇಳುತ್ತದೆ. ರ‍್ಯಾಕಿನ ಮುಂದೆ ನಿಂತು ಇದನ್ನು ಪರೀಕ್ಷಿಸಬಹುದು. ಪೆಟ್ಟಿಗೆಯ ಮುಂಭಾಗವನ್ನು ಹಿಡಿದು ಎಳೆದರೆ ಅದು ಪಕ್ಕದ ಜಾರುಪಟ್ಟಿಗಳ ಮೇಲೆ ಇಡಿಯಾಗಿ ಹೊರಬರುತ್ತದೆ, ರ‍್ಯಾಕು ನಿಂತಲ್ಲೇ ನಿಲ್ಲುತ್ತದೆ; ಆದ್ದರಿಂದ ಪೆಟ್ಟಿಗೆ ಒಂದು ಅವಯವಿ, ರ‍್ಯಾಕು ಇನ್ನೊಂದು. ಆದರೆ ರ‍್ಯಾಕಿನ ಬುಡದಲ್ಲಿರುವ ಆಧಾರದ ಕಾಲುಗಳನ್ನು ಮುಂದಕ್ಕೆ ಎಳೆದಿಡುವುದನ್ನು ಮರೆತರೆ, ಹೊರಬಂದ ಪೆಟ್ಟಿಗೆಯ ಭಾರಕ್ಕೆ ಇಡೀ ರ‍್ಯಾಕು ಎಳೆದವನ ಮೇಲೆಯೇ ಮಗುಚಬಹುದು. ಆಗ ಅವೆರಡೂ ಒಂದೇ ಅವಯವಿಯಂತೆ ವರ್ತಿಸುತ್ತವೆ. ಎಳೆತಕ್ಕೆ ಒಟ್ಟಾಗಿ ಬರುವುದು ಕಣಗಳ ಅಂಟಿಕೆಯ ಫಲವಷ್ಟೇ, ಅದರಿಂದ ಅವಯವಿ ಸಿದ್ಧವಾಗದು ಎಂಬ ಶಂಕೆಯನ್ನು ಭಾಷ್ಯಕಾರ ವಾತ್ಸ್ಯಾಯನನೇ ಎತ್ತಿದ್ದಾನೆ. ಅವನ ಶಂಕೆ ಸಕಾರಣವಾದದ್ದೇ.

ಹಾಗಾದರೆ ವಸ್ತುವಿನ ಒಂದುತನ ಎಲ್ಲಿಂದ ತಿಳಿಯಬೇಕು? ಅದರ ರೂಪದಿಂದಲ್ಲ, ಹೆಸರಿನಿಂದಲ್ಲ, ಎಳೆದರೆ ಬರುವುದರಿಂದಲೂ ಅಲ್ಲ, ಅದು ತನ್ನ ಹೊರಗಿನಿಂದ ಏನನ್ನು ಬೇಡುತ್ತದೆ ಎಂಬುದರಿಂದ, ಅಂದರೆ ಅದರ ಅಪೇಕ್ಷೆಯಿಂದ, ಎಂಬುದು ಇಲ್ಲಿ ಮಂಡಿಸಬೇಕೆಂದಿರುವ ಮಾತು. ಬಿಡಿ ಪದಗಳು ವಾಕ್ಯವಾಗಲು ಮೀಮಾಂಸಕರೂ ನೈಯಾಯಿಕರೂ ಮೂರು ಷರತ್ತುಗಳನ್ನು ಹೇಳುತ್ತಾರೆ: ಒಂದು ಪದ ಇನ್ನೊಂದಕ್ಕಾಗಿ ಕಾಯುವ ಆಕಾಂಕ್ಷೆ, ಅವೆರಡರ ಅರ್ಥಗಳು ಹೊಂದುವ ಯೋಗ್ಯತೆ, ಅವು ಹತ್ತಿರ ಹತ್ತಿರ ಬರುವ ಸನ್ನಿಧಿ. ಮಿನಿಕಂಪ್ಯೂಟರಿನ ಬೋರ್ಡುಗಳು ಯಂತ್ರವಾಗುವುದೂ ಈ ಮೂರರಿಂದಲೇ, ಮತ್ತು ರ‍್ಯಾಕು ಪೂರೈಸುವುದು ಇವುಗಳಲ್ಲಿ ಸನ್ನಿಧಿಯೊಂದನ್ನೇ. 1965ರ ಪಿಡಿಪಿ-8ರ ಬೋರ್ಡುಗಳು ಸೊನ್ನೆ ಮತ್ತು ಮೈನಸ್ 3 ವೋಲ್ಟುಗಳ ನಡುವೆ ಮಾತಾಡುತ್ತಿದ್ದವು. 1968ರ ಪಿಡಿಪಿ-8/ಐಯ ಬೋರ್ಡುಗಳು ಪ್ಲಸ್ 5 ವೋಲ್ಟಿನಿಂದ ನಡೆಯುವ ಹೊಸ ಬಗೆಯ ಚಿಪ್ಪುಗಳವು. ಹಲವು ಬೋರ್ಡುಗಳ ಅಂಚು ಒಂದೇ ಅಳತೆಯದು. ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ, ಆಕಾಂಕ್ಷೆಯೂ ಸನ್ನಿಧಿಯೂ ಇರುತ್ತವೆ, ಯೋಗ್ಯತೆ ಮಾತ್ರ ಇರುವುದಿಲ್ಲ. ಬೆಂಕಿಯಿಂದ ತೋಯಿಸು ಎಂಬ ಮಾತನ್ನು ಯೋಗ್ಯತೆ ತಪ್ಪಿದ ವಾಕ್ಯಕ್ಕೆ ಉದಾಹರಣೆಯಾಗಿ ಶಾಸ್ತ್ರಕಾರರು ಕೊಡುತ್ತಾರೆ. ಅಂಥ ವಾಕ್ಯದಿಂದ ಕೇಳುಗನಿಗೆ ಅರ್ಥವಾಗದೆ ಹೋಗುತ್ತದೆ, ಅಂಥ ಜೋಡಣೆಯಿಂದ ಬೋರ್ಡು ಸುಟ್ಟುಹೋಗುತ್ತದೆ.

ಖಾಲಿ ಸ್ಲಾಟಿನ ವಿಷಯ ಇನ್ನೂ ಸ್ವಾರಸ್ಯದ್ದು. ಯೂನಿಬಸ್ಸಿನಲ್ಲಿ ಪ್ರೊಸೆಸರು ಯಾವುದೋ ಸಾಧನಕ್ಕೆ ಬಸ್ಸನ್ನು ಬಳಸಲು ಕೊಡುವ ಅನುಮತಿಯು ಬೋರ್ಡಿನಿಂದ ಬೋರ್ಡಿಗೆ ಸಾಲಾಗಿ ಹಾದುಹೋಗುತ್ತದೆ. ಕೇಳದಿದ್ದ ಬೋರ್ಡು ಅದನ್ನು ಮುಂದಕ್ಕೆ ದಾಟಿಸುತ್ತದೆ, ಕೇಳಿದ್ದ ಬೋರ್ಡು ಹಿಡಿದಿಟ್ಟುಕೊಳ್ಳುತ್ತದೆ. ನಡುವೆ ಒಂದು ಸ್ಲಾಟು ಖಾಲಿಯಿದ್ದರೆ ಸರಪಳಿ ಅಲ್ಲಿಗೆ ಕಡಿಯುವುದರಿಂದ, ಬೆರಳಷ್ಟು ಅಗಲದ, ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸುವುದರ ಹೊರತು ಬೇರೇನನ್ನೂ ಮಾಡದ ಜಿ727 ಎಂಬ ಪುಟ್ಟ ಕಾರ್ಡನ್ನು ಅಲ್ಲಿ ಸಿಕ್ಕಿಸಬೇಕು. ನೇರವಾಗಿ ಸ್ಮೃತಿಯನ್ನು ಮುಟ್ಟುವ ಸಾಧನಗಳ ಅನುಮತಿಗೆ ಬ್ಯಾಕ್‌ಪ್ಲೇನಿನ ಹಿಂಬದಿಯಲ್ಲೇ ಸಿಎ1 ಮತ್ತು ಸಿಬಿ1 ಎಂಬ ಮೊಳೆಗಳ ನಡುವೆ ಕೂದಲೆಳೆಯಂಥ ತಂತಿಯೊಂದನ್ನು ಸುತ್ತಿರುತ್ತಾರೆ. ಅಂಥ ಬೋರ್ಡನ್ನು ಹಾಕುವಾಗ ಆ ತಂತಿಯನ್ನು ತೆಗೆಯಬೇಕು, ಬೋರ್ಡನ್ನು ತೆಗೆದಾಗ ತಂತಿಯನ್ನು ಮತ್ತೆ ಸುತ್ತಬೇಕು. ಅಭಾವವೂ ಒಂದು ಪದಾರ್ಥ, ಅದು ಬರಿಯ ಏನೂ-ಇಲ್ಲದಿರುವಿಕೆಯಲ್ಲ, ನಿರ್ದಿಷ್ಟ ಸ್ಥಳದಲ್ಲಿ ನಿರ್ದಿಷ್ಟ ವಸ್ತುವಿನ ಇಲ್ಲದಿರುವಿಕೆಯೆಂದು ವೈಶೇಷಿಕರು ಏಳನೆಯ ಪದಾರ್ಥವಾಗಿ ಅದನ್ನು ಸೇರಿಸಿಕೊಂಡದ್ದನ್ನು ಅತಿಸೂಕ್ಷ್ಮವೆಂದು ಹಲವರು ಹಾಸ್ಯ ಮಾಡಿದ್ದುಂಟು. ಮೇನಾರ್ಡಿನ ಎಂಜಿನಿಯರು ಆ ಅಭಾವಕ್ಕೆ ಬಿಡಿಭಾಗದ ಸಂಖ್ಯೆಯನ್ನೇ ಕೊಟ್ಟ. ಪೆಟ್ಟಿಗೆಯ ಹಿಂಬದಿಯ ತಂತಿಯನ್ನು ಓದಬಲ್ಲವನು, ಬೋರ್ಡುಗಳೆಲ್ಲ ಕಳವಾದ ಮೇಲೂ, ಯಾವ ಸ್ಲಾಟಿನಲ್ಲಿ ಯಾವ ಬಗೆಯ ಬೋರ್ಡು ಇತ್ತೆಂದು ಹೇಳಬಲ್ಲ.

ವಿದ್ಯುತ್ತಿನ ಅಪೇಕ್ಷೆಯೇ ಇವೆಲ್ಲಕ್ಕಿಂತ ಪ್ರಬಲವಾದ ಸಾಕ್ಷಿ, ಏಕೆಂದರೆ ಫಲಕವನ್ನು ಬದಲಿಸಬಹುದು, ಬಣ್ಣವನ್ನು ಬಳಿಯಬಹುದು, ಆದರೆ ಒಳಗಿನ ಚಿಪ್ಪು ಬೇಡುವ ವೋಲ್ಟನ್ನು ಯಾವ ವ್ಯಾಪಾರಿಯೂ ಹೆಸರು ಬದಲಿಸಿ ಬದಲಾಯಿಸಲಾರ. 1970ರ ದಶಕದ ಪಿಡಿಪಿ-11ಗಳ ಪವರ್ ಸಪ್ಲೈಯಲ್ಲಿ ಇಟ್ಟಿಗೆಯಂಥ ನಿಯಂತ್ರಕಗಳು ಸಾಲಾಗಿ ಕೂರುತ್ತವೆ. ಎಚ್744 ಎಂಬುದು ಪ್ಲಸ್ 5 ವೋಲ್ಟಿನಲ್ಲಿ 25 ಆಂಪಿಯರುಗಳವರೆಗೆ, ಅಂದರೆ 125 ವಾಟು ಕೊಡುತ್ತದೆ, ಎಚ್745 ಮೈನಸ್ 15 ವೋಲ್ಟು ಕೊಡುತ್ತದೆ, ಎಚ್754 ಕಾಂತೀಯ ಉಂಗುರಗಳಿಂದಾದ ಕೋರ್ ಸ್ಮೃತಿಗೆ ಬೇಕಾದ ಪ್ಲಸ್ 20 ಮತ್ತು ಮೈನಸ್ 5 ವೋಲ್ಟುಗಳನ್ನು ಕೊಡುತ್ತದೆ. ಹೊರಗಿನಿಂದ ಮೂರೂ ಒಂದೇ ಅಳತೆಯವು. ಪೆಟ್ಟಿಗೆಯಲ್ಲಿ ಎಚ್754 ಇದೆಯೆಂದರೆ ಅದು ಕೋರ್ ಸ್ಮೃತಿಯನ್ನು ಹೊತ್ತಿತ್ತು ಎಂದು, ಸ್ಮೃತಿಯ ಬೋರ್ಡು ಒಂದೂ ಉಳಿದಿರದಿದ್ದರೂ, ಊಹಿಸಬಹುದು. ಕಾರ್ಯದಿಂದ ಕಾರಣವನ್ನು ಊಹಿಸುವ ಅನುಮಾನಕ್ಕಿಂತ ಇದು ಭಿನ್ನ, ಇಲ್ಲಿ ಉಣಿಸುವ ಕೈಯನ್ನು ನೋಡಿ ಉಣ್ಣುವ ಬಾಯನ್ನು ಊಹಿಸಲಾಗುತ್ತದೆ. ರ‍್ಯಾಕಿನ ತಳದಲ್ಲಿರುವ 861 ಎಂಬ ವಿದ್ಯುತ್ ನಿಯಂತ್ರಕದ ಕಥೆಯೂ ಅಷ್ಟೇ ಮುಖ್ಯ. ಗೋಡೆಯಿಂದ ಬರುವ ವಿದ್ಯುತ್ತು ಮೊದಲು ಅದಕ್ಕೆ ಬಂದು, ಅಲ್ಲಿಂದ ಪೆಟ್ಟಿಗೆ, ಡಿಸ್ಕು, ಫ್ಯಾನುಗಳಿಗೆ ಹಂಚಿಕೆಯಾಗುತ್ತದೆ. ಪ್ರೊಸೆಸರಿನ ಮುಂಭಾಗದ ಕೀಲಿಯನ್ನು ತಿರುಗಿಸಿದರೆ, ಮೂರು ತಂತಿಗಳ ಸಣ್ಣ ಕೇಬಲ್ಲಿನ ಮೂಲಕ ಇಡೀ ರ‍್ಯಾಕು ಒಟ್ಟಿಗೆ ಎಚ್ಚರಗೊಳ್ಳುತ್ತದೆ. 115 ವೋಲ್ಟಿನದಕ್ಕೂ 230 ವೋಲ್ಟಿನದಕ್ಕೂ ನಿಯಂತ್ರಕದ ಮಾದರಿ ಬೇರೆ, ಪ್ಲಗ್ಗಿನ ಕಾಲುಗಳ ಆಕಾರವೂ ಬೇರೆ. ಎಳೆದರೆ ಬೇರೆಯಾಗಿ ಬರುತ್ತಿದ್ದ ಪೆಟ್ಟಿಗೆಯೂ ರ‍್ಯಾಕೂ ವಿದ್ಯುತ್ತಿನ ಅಪೇಕ್ಷೆಯಲ್ಲಿ ಒಂದಾಗುತ್ತವೆ. ಒಂದು ಕೀಲಿಗೆ ಒಟ್ಟಾಗಿ ಓಗೊಡುವುದು ಎಷ್ಟೋ ಅಷ್ಟು ಒಂದು ಯಂತ್ರ ಎಂಬ ಗಡಿಯು ಉಳಿದೆಲ್ಲ ಗಡಿಗಳಿಗಿಂತ ಹೆಚ್ಚು ಸಮರ್ಥನೀಯ.

ವಿದ್ಯುತ್ತು ಯಂತ್ರಕ್ಕೆ ಬರಿಯ ಆಹಾರವೂ ಅಲ್ಲ, ಕಾಲವನ್ನು ತಿಳಿಸುವುದೂ ಅದೇ. ಪಿಡಿಪಿ-11ರ ಗಡಿಯಾರದ ಬೋರ್ಡು ಗೋಡೆಯ ವಿದ್ಯುತ್ತಿನ ಆವರ್ತನವನ್ನೇ ಎಣಿಸಿ ಹೊತ್ತನ್ನು ಅಳೆಯುತ್ತದೆ, ಅಮೆರಿಕದಲ್ಲಿ ಸೆಕೆಂಡಿಗೆ 60 ಸಲ, ಭಾರತದಲ್ಲಿ 50 ಸಲ. 60 ಎಂದು ನಂಬಿದ ಕಾರ್ಯವ್ಯವಸ್ಥೆಯೊಂದಿಗೆ ಯಂತ್ರವನ್ನು ಇಲ್ಲಿಗೆ ತಂದು, ವೋಲ್ಟನ್ನು ಟ್ರಾನ್ಸ್‌ಫಾರ್ಮರಿನಿಂದ ಸರಿಪಡಿಸಿ ಚಾಲೂ ಮಾಡಿದರೆ, ಅದು ಎಲ್ಲವನ್ನೂ ಸರಿಯಾಗಿ ಲೆಕ್ಕ ಹಾಕುತ್ತಲೇ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ.

ಅಪೇಕ್ಷೆಯೇ ಒಂದುತನದ ಗುರುತೆಂಬ ಈ ಮಾತಿಗೆ ಬೌದ್ಧನ ಮರುನುಡಿ ಸಿದ್ಧವಿದೆ, ಅದನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಯಾವುದು ಅರ್ಥಕ್ರಿಯೆಯನ್ನು, ಅಂದರೆ ಫಲ ನೀಡುವ ಕೆಲಸವನ್ನು ಮಾಡಬಲ್ಲದೋ ಅದೇ ಸತ್ಯ ಎಂದು ಧರ್ಮಕೀರ್ತಿ ಲಕ್ಷಣ ಹೇಳಿದ್ದಾನೆ. ಬೇಡುವುದೂ ಸುಡುವುದೂ ಲೆಕ್ಕ ಹಾಕುವುದೂ ಒಂದೊಂದು ಕ್ಷಣದ ಒಂದೊಂದು ಭಾಗವೇ ಹೊರತು ಅವಯವಿಯಲ್ಲ, ಅಪೇಕ್ಷೆಯೆಂಬುದು ಭಾಗಗಳ ಅಪೇಕ್ಷೆಗಳ ಮೊತ್ತವೇ ಎಂದು ಅವನ ಅನುಯಾಯಿ ಹೇಳಿಯಾನು. ಆಂಪಿಯರುಗಳ ಮಟ್ಟಿಗೆ ಈ ಮಾತು ನಿಜ. ಬೋರ್ಡುಗಳ ಪಟ್ಟಿ ಹಿಡಿದು ಕೂಡಿಸಿಯೇ ಪೆಟ್ಟಿಗೆಯ ಬೇಡಿಕೆಯನ್ನು ಲೆಕ್ಕ ಹಾಕುವುದು. ಕೋರ್ ಸ್ಮೃತಿ ಅವನ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ತಂತಿಗಳಲ್ಲಿ ಪೋಣಿಸಿದ, ಸಾಸಿವೆಗಿಂತಲೂ ಚಿಕ್ಕದಾದ ಫೆರೈಟ್ ಉಂಗುರಗಳ ಆ ಬಲೆಯಲ್ಲಿ ಒಂದೊಂದು ಉಂಗುರ ಯಾವ ದಿಕ್ಕಿಗೆ ಕಾಂತೀಕರಣಗೊಂಡಿದೆ ಎಂಬುದೇ ಸೊನ್ನೆ ಅಥವಾ ಒಂದು. ಅದನ್ನು ಓದುವ ದಾರಿಯೆಂದರೆ ಉಂಗುರವನ್ನು ಸೊನ್ನೆಯ ಕಡೆಗೆ ತಿರುಗಿಸಿ, ಅದು ಮಗುಚಿತೇ ಎಂದು ನೋಡುವುದು. ಹೀಗೆ ಓದಿದೊಡನೆ ಅಳಿಸಿಹೋಗುವುದನ್ನು ಯಂತ್ರ ಮರುಗಳಿಗೆಯಲ್ಲೇ ಮತ್ತೆ ಬರೆಯುತ್ತದೆ. ಪಿಡಿಪಿ-8ರಲ್ಲಿ ಈ ಇಡೀ ಆವರ್ತಕ್ಕೆ 1.5 ಮೈಕ್ರೊಸೆಕೆಂಡು. ಮಾಸದೆ ನಿಂತಂತೆ ತೋರುವ ಸ್ಮೃತಿಯು ನಿಜವಾಗಿ ನಾಶ ಮತ್ತು ಮರುಹುಟ್ಟುಗಳ ಸಂತಾನವೆಂಬುದಕ್ಕೆ, ಎಲ್ಲವೂ ಕ್ಷಣಕ್ಷಣಕ್ಕೆ ಅಳಿಯುತ್ತದೆನ್ನುವ ಕ್ಷಣಭಂಗವಾದಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಸಿಗುವುದು ಕಷ್ಟ.

ಆದರೆ ಅದೇ ಸ್ಮೃತಿಗೆ ಇನ್ನೊಂದು ಗುಣವಿದೆ, ಅಲ್ಲಿ ಕ್ಷಣಭಂಗವಾದ ಎಡವುತ್ತದೆ. ವಿದ್ಯುತ್ತು ಹೋದರೂ ಕಾಂತೀಕರಣ ಉಳಿಯುತ್ತದೆ. ಪಿಡಿಪಿ-11ರ ಪವರ್ ಸಪ್ಲೈಯು ಗೋಡೆಯ ವಿದ್ಯುತ್ತು ಕುಸಿಯುತ್ತಿದ್ದಂತೆಯೇ ಎಸಿ-ಲೋ ಎಂಬ ಸಂಕೇತವನ್ನು ಬಸ್ಸಿನ ಮೇಲೆ ಕಳುಹಿಸುತ್ತದೆ. ಪ್ರೊಸೆಸರು ಮಾಡುತ್ತಿದ್ದುದನ್ನು ಬಿಟ್ಟು, ಅಷ್ಟಮಾನ ಸಂಖ್ಯೆ 24ರ ವಿಳಾಸದಲ್ಲಿ ಹೇಳಿರುವ ಪ್ರೋಗ್ರಾಮಿಗೆ ಹಾರಿ, ದೊರೆಯುವ ಸುಮಾರು 2 ಮಿಲಿಸೆಕೆಂಡಿನ ಅವಕಾಶದಲ್ಲಿ ತನ್ನ ಎಲ್ಲ ರಿಜಿಸ್ಟರುಗಳನ್ನೂ ಕೋರ್ ಸ್ಮೃತಿಗೆ ಬರೆದಿಟ್ಟು ನಿಲ್ಲುತ್ತದೆ. ಗಂಟೆಯೋ ದಿನವೋ ಕಳೆದು ವಿದ್ಯುತ್ತು ಬಂದಾಗ ಅದೇ ವಿಳಾಸದಿಂದ ಎದ್ದು, ಬರೆದಿಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡು, ಅರ್ಧಕ್ಕೆ ಬಿಟ್ಟ ಲೆಕ್ಕವನ್ನು ಬಿಟ್ಟ ಕಡೆಯಿಂದಲೇ ಮುಂದುವರಿಸಬಲ್ಲದು. ಗಾಢನಿದ್ರೆಯಿಂದ ಏಳುವವನು ಮಲಗಿದವನೇ ಹೌದೇ, ನೀರಿಗೆ ಸುರಿದ ಹನಿಯನ್ನೇ ಮತ್ತೆ ಎತ್ತಿಕೊಳ್ಳಲಾಗದಂತೆ ಬ್ರಹ್ಮದಲ್ಲಿ ಲೀನವಾದ ಜೀವವೇ ಮತ್ತೆ ಏಳುವುದೆಂದು ಹೇಗೆ ಹೇಳುವುದು ಎಂಬ ಶಂಕೆಗೆ ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಸಮಾಧಾನವಿದೆ; ಅಲ್ಲಿ ಕೊಟ್ಟಿರುವ ಹೇತುಗಳಲ್ಲಿ ಮೊದಲನೆಯದು ಕರ್ಮ. ಹಿಂದಿನ ದಿನ ಅರ್ಧ ಮಾಡಿಟ್ಟ ಕೆಲಸದ ಉಳಿದರ್ಧವನ್ನು ಎದ್ದವನು ಮಾಡುತ್ತಾನೆ, ಒಬ್ಬ ಅರ್ಧಕ್ಕೆ ಬಿಟ್ಟದ್ದನ್ನು ತನ್ನದೆಂದು ಇನ್ನೊಬ್ಬ ಮುಂದುವರಿಸುವುದು ಸಲ್ಲದು ಎಂದು ಶಂಕರಾಚಾರ್ಯರು ವಿವರಿಸುತ್ತಾರೆ. ಅನುಸ್ಮೃತಿ, ಅಂದರೆ ಹಿಂದಿನದರ ನೆನಪು, ಎರಡನೆಯ ಹೇತು. ಯಂತ್ರಕ್ಕೆ ಆತ್ಮವಿದೆಯೆಂದು ಇದರಿಂದ ಸಾಧಿಸಲು ಹೊರಡುವುದು ಹುಡುಗಾಟವಾದೀತು. ಗಮನಿಸಬೇಕಾದದ್ದು ಇಷ್ಟೇ, ಕುಸಿತದ ಮುನ್ಸೂಚನೆಯನ್ನು ಸಪ್ಲೈ ಕೊಡಬೇಕು, ಪ್ರೊಸೆಸರು ಕೇಳಬೇಕು, ಸ್ಮೃತಿ ಉಳಿಸಬೇಕು, ಬಸ್ಸು ಸಾಗಿಸಬೇಕು, ಇವುಗಳಲ್ಲಿ ಯಾವೊಂದೂ ಒಂಟಿಯಾಗಿ ಮುಂದುವರಿಕೆಯನ್ನು ಸಾಧಿಸಲಾರದು. ಆಂಪಿಯರುಗಳಂತೆ ಇದನ್ನು ಭಾಗ ಭಾಗವಾಗಿ ಕೂಡಿಸಲು ಬರುವುದಿಲ್ಲ. ಅರ್ಥಕ್ರಿಯೆಯೇ ಸತ್ಯದ ಲಕ್ಷಣವಾದರೆ ಈ ಅರ್ಥಕ್ರಿಯೆ ಇಡಿಯದ್ದು, ಆದ್ದರಿಂದ ಇಡಿಯೂ ಸತ್ಯ.

ಹೀಗೆ ಸಿದ್ಧವಾದ ಅವಯವಿಯನ್ನು ನೈಯಾಯಿಕನ ಕೈಗೆ ಪೂರ್ತಿಯಾಗಿ ಒಪ್ಪಿಸುವಂತೆಯೂ ಇಲ್ಲ. ಒಂದು ನೂಲನ್ನು ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ಹೊಸದೊಂದು ಖಂಡಪಟ ಹುಟ್ಟುತ್ತದೆ, ಇದು ಅದೇ ಎಂಬ ಪ್ರತ್ಯಭಿಜ್ಞೆ ಸಜಾತೀಯತೆಯಿಂದ ಆಗುತ್ತದೆ ಎಂಬುದು ಅವನ ನಿಲುವು. ಇದನ್ನು ಒಪ್ಪಿದರೆ ಯಾವ ಸಂಗ್ರಹಾಲಯದಲ್ಲೂ ಒಂದೂ ಹಳೆಯ ಯಂತ್ರವಿಲ್ಲ, ಏಕೆಂದರೆ ಫ್ಯೂಸು ಬದಲಿಸದೆ ಉಳಿದದ್ದು ಯಾವುದೂ ಇರಲಾರದು. ದಶಕಗಳ ಕಾಲ ನಿಂತ ಸಪ್ಲೈಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿ ವಿದ್ಯುತ್ತನ್ನು ತಡೆಹಿಡಿಯುವ ಆಕ್ಸೈಡಿನ ಪದರ ಕ್ಷೀಣಿಸಿರುತ್ತದೆ. ಒಮ್ಮೆಗೇ ಪೂರ್ತಿ ವೋಲ್ಟನ್ನು ಹಾಯಿಸಿದರೆ ಅವು ಸಿಡಿಯಬಹುದಾದ್ದರಿಂದ, ಬಲ್ಲವರು ಬೋರ್ಡುಗಳನ್ನೆಲ್ಲ ಬೇರ್ಪಡಿಸಿ, ಪೊಳ್ಳು ಹೊರೆಯೊಂದನ್ನು ಜೋಡಿಸಿ, ವೇರಿಯಾಕ್ ಎಂಬ ಸಾಧನದಿಂದ ವೋಲ್ಟನ್ನು ಗಂಟೆಗಟ್ಟಲೆ ನಿಧಾನವಾಗಿ ಏರಿಸಿ ಆ ಪದರ ಮತ್ತೆ ಕಟ್ಟಿಕೊಳ್ಳುವಂತೆ ಮಾಡುತ್ತಾರೆ. ಆವಿಗೆಯ ಬೆಂಕಿಯಲ್ಲಿ ಹಸಿ ಗಡಿಗೆ ಪರಮಾಣುಗಳಾಗಿ ಒಡೆದು ಮರಳಿ ಕೂಡುತ್ತದೆಂದು ವೈಶೇಷಿಕರೂ, ಗಡಿಗೆ ಇದ್ದಂತೆಯೇ ಇದ್ದು ಬಣ್ಣ ಮಾತ್ರ ಬದಲಾಗುತ್ತದೆಂದು ನೈಯಾಯಿಕರೂ ಜಗಳವಾಡಿದ ಪೀಲುಪಾಕ, ಪಿಠರಪಾಕಗಳ ವಾದ ಇಲ್ಲಿಗೂ ಹೊಂದುತ್ತದೆ; ಕೆಪಾಸಿಟರಿನ ಮಟ್ಟಿಗೆ ಪಿಠರಪಾಕವೇ ಗೆದ್ದಂತೆ ತೋರುತ್ತದೆ.

ಕೆಲವರು ಅಷ್ಟು ತಾಳ್ಮೆಯಿಲ್ಲದೆ, ಹಳೆಯ ಸಪ್ಲೈಯ ಕವಚವನ್ನು ಹಾಗೆಯೇ ಉಳಿಸಿ ಅದರೊಳಗೆ ಅಂಗೈಯಗಲದ ಹೊಸ ಸಪ್ಲೈಯನ್ನು ಇಡುತ್ತಾರೆ. ಪ್ಲಸ್ 5 ಬರುತ್ತದೆ, ಮೈನಸ್ 15 ಬರುತ್ತದೆ. ಎಸಿ-ಲೋ ಸಂಕೇತಕ್ಕೆ ಸರ್ಕೀಟನ್ನು ಬೇರೆಯಾಗಿ ಕಟ್ಟದಿದ್ದರೆ ಅದು ಮಾತ್ರ ಬರುವುದಿಲ್ಲ. ಇನ್ನೂ ಮುಂದೆ ಹೋದವರು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಬೋರ್ಡಿಗೆ ಪಿಡಿಪಿ-11ರ ಮುಂಭಾಗದ ಫಲಕದ ಪ್ರತಿಕೃತಿಯನ್ನು ಜೋಡಿಸಿ, ಸಿಮ್ಎಚ್ ಎಂಬ ಅನುಕರಣ ತಂತ್ರಾಂಶದ ಮೇಲೆ ಹಳೆಯ ಪ್ರೋಗ್ರಾಮುಗಳನ್ನು ಒಂದಕ್ಷರವೂ ಬದಲಾಗದಂತೆ ನಡೆಸುತ್ತಾರೆ. ಅದು ಬೇಡುವುದು ಕೆಲವೇ ವಾಟು, ಕೂರುವುದು ಮೇಜಿನ ಮೂಲೆಯಲ್ಲಿ. ಕನ್ನಡದ ಜೈನಕವಿಗಳು ಕಾವ್ಯಾರಂಭದಲ್ಲಿ ಭಕ್ತಿಯಿಂದ ನೆನೆಯುವ ಸಮಂತಭದ್ರನು ಆಪ್ತಮೀಮಾಂಸೆಯಲ್ಲಿ ಒಂದು ದೃಷ್ಟಾಂತ ಹೇಳುತ್ತಾನೆ: ಹೊನ್ನ ಗಡಿಗೆಯನ್ನು ಕರಗಿಸಿ ಕಿರೀಟ ಮಾಡಿದಾಗ ಗಡಿಗೆ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಹೊನ್ನು ಬೇಕಿದ್ದವನು ಸುಮ್ಮನಿರುತ್ತಾನೆ, ಮೂವರ ಭಾವಕ್ಕೂ ವಸ್ತುವಿನಲ್ಲೇ ಕಾರಣವಿರುವುದರಿಂದ ವಸ್ತುವು ನಾಶ, ಹುಟ್ಟು, ಸ್ಥಿತಿ ಮೂರನ್ನೂ ಒಳಗೊಂಡಿದೆ. ಮಿನಿಕಂಪ್ಯೂಟರುಗಳ ವಿಷಯದಲ್ಲಿ ಈ ದೃಷ್ಟಾಂತ ಅಕ್ಷರಶಃ ನಡೆದಿದೆ, ಏಕೆಂದರೆ ಅವುಗಳ ಬೋರ್ಡಿನ ಅಂಚುಗಳಿಗೆ ಚಿನ್ನದ ಲೇಪವಿದ್ದು, ಗುಜರಿಯವರು ಸಾವಿರಾರು ಬೋರ್ಡುಗಳನ್ನು ಆ ಚಿನ್ನಕ್ಕಾಗಿಯೇ ಕರಗಿಸಿದ್ದಾರೆ. ಪ್ರೋಗ್ರಾಮು ಬೇಕಿದ್ದವನು ಪ್ರತಿಕೃತಿಯಿಂದ ಹಿಗ್ಗುತ್ತಾನೆ. ಯಂತ್ರ ಬೇಕಿದ್ದವನು ಅಳುವುದಕ್ಕೂ ವಸ್ತುವಿನಲ್ಲೇ ಕಾರಣವಿದೆ: ಪ್ರತಿಕೃತಿಯ ಫಲಕದ ಮೇಲೆ ಅದೇ ಹೆಸರು, ಅದೇ ದೀಪಗಳು, ಒಳಗೆ ಅದೇ ಆದೇಶಗಳು ಇದ್ದರೂ 861ರ ಪ್ಲಗ್ಗನ್ನಾಗಲಿ ಪ್ಲಸ್ 20 ವೋಲ್ಟನ್ನಾಗಲಿ ಅದು ಬೇಡುವುದಿಲ್ಲ. ಸಂಗ್ರಹಾಲಯದ ವಿವರಪಟ್ಟಿಯಲ್ಲಿ ಮಾದರಿಯ ಅಂಕೆ, ಇಸವಿಗಳ ಜೊತೆಗೆ ಪೆಟ್ಟಿಗೆಯ ಸಂಖ್ಯೆ, ನಿಯಂತ್ರಕಗಳ ಸಾಲು, ಪ್ಲಗ್ಗಿನ ಬಗೆ, ಹಳೆಯ ಸಪ್ಲೈ ಬೇಡುತ್ತಿದ್ದುದು ಎಷ್ಟು, ಈಗ ಒಳಗಿರುವುದು ಬೇಡುವುದು ಎಷ್ಟು ಎಂಬುದನ್ನೂ ಬರೆದಿಟ್ಟರೆ, ಮೂವರಲ್ಲಿ ಯಾರು ಬಂದು ಓದಿದರೂ ತನಗೆ ಬೇಕಾದದ್ದು ಎದುರಿಗಿದೆಯೋ ಇಲ್ಲವೋ ಎಂಬುದನ್ನು ತಾನೇ ನಿರ್ಣಯಿಸಿಕೊಳ್ಳಬಹುದು.